ಮೇಡಂ ಪೆಟ್ಟಿಗೆ

ಸ್ಕ್ರೂ ಡಬ್ಬಿಯನ್ನು ಮೇಜಿನ ಮೇಲೆ ಸುರಿದಾಗ ಅದು ಎಲ್ಲಕ್ಕಿಂತ ಕೊನೆಗೆ ಬಿತ್ತು. ಬೆರಳಿನ ಒಂದು ಗೆಣ್ಣಿನಷ್ಟು ಉದ್ದದ ಕೀಲಿಕೈ. ತುದಿ ಚಪ್ಪಟೆಯಾಗಿಲ್ಲ, ಸಣ್ಣ ಕೊಳವೆಯ ಹಾಗೆ ದುಂಡಗೆ, ಒಳಗೆ ಟೊಳ್ಳು. ಹಿಡಿಗೆ ಕಪ್ಪು ಪ್ಲಾಸ್ಟಿಕ್ಕು, ಅದಕ್ಕೊಂದು ದಾರ. ಒಂದು ಕಾಲಕ್ಕೆ ಅರಿಶಿನದಲ್ಲಿ ಅದ್ದಿದ್ದ ದಾರ ಅದು ಎಂದು ನನಗೊಬ್ಬನಿಗೆ ಗೊತ್ತು. ಬೇರೆಯವರು ನೋಡಿದರೆ ಕೊಳೆ ಅಂದಾರು.

ಅವತ್ತು ಒಬ್ಬ ಕಾಲೇಜು ಹುಡುಗಿ ತಾತನ ಅಟ್ಟದಿಂದ ಇಳಿಸಿದ ಹಳೆಯ ಕಂಪ್ಯೂಟರ್ ಪೆಟ್ಟಿಗೆಯೊಂದನ್ನು ನನ್ನ ಅಂಗಡಿಗೆ ತಂದಿದ್ದಳು. ಹಲ್ಲು ಹಳದಿಯಾದ ಹಾಗೆ ಹಳದಿಯಾಗಿದ್ದ ಬಿಳಿ ಪೆಟ್ಟಿಗೆ. "ಹೊರಗೆ ಹಿಂಗೇ ಓಲ್ಡ್ ಆಗಿರ್ಲಿ ಅಂಕಲ್, ಒಳಗೆ ಎಲ್ಲಾ ಹೊಸದು ಹಾಕ್ಕೊಡಿ. ಈಗ ಇದೇ ಟ್ರೆಂಡು," ಅಂದಳು. ನಾನು ಹೂಂ ಅಂದು ಮುಚ್ಚಳ ಎತ್ತಿದೆ. ಹಳೆಯ ಧೂಳು ಬಿಸಿಯಾಗಿ ಆರಿ ಹೆಪ್ಪುಗಟ್ಟಿದ ವಾಸನೆ ಮೂಗಿಗೆ ಬಡಿಯಿತು. ಅದಕ್ಕೆ ಸ್ವಲ್ಪ ವಿಭೂತಿ, ಸ್ವಲ್ಪ ಊದುಬತ್ತಿ ಸೇರಿಸಿದರೆ ಅದು ಮೇಡಂ ಮನೆಯ ವಾಸನೆ. ಆ ಪೆಟ್ಟಿಗೆಗೆ ಹೊಂದುವ ಹಳೆಯ ಸ್ಕ್ರೂ ಹುಡುಕಲು ಹೋಗಿಯೇ ಡಬ್ಬಿ ಸುರಿದದ್ದು, ಕೀಲಿಕೈ ಸಿಕ್ಕಿದ್ದು. ಎರಡು ದಿನ ಬಿಟ್ಟು ಬಾರಮ್ಮ ಎಂದು ಹುಡುಗಿಯನ್ನು ಕಳಿಸಿ, ಅರ್ಧ ಬಾಗಿಲು ಎಳೆದುಕೊಂಡು ಕೂತೆ.

ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಕಟ್ಟಿಕೊಂಡವಳಿಗೂ ಹೇಳಿಲ್ಲ. ಹೇಳಿದರೆ ಅವಳು ನನ್ನನ್ನು ಬೈಯುವುದಿಲ್ಲ, ಸುಮ್ಮನೆ ಒಮ್ಮೆ ನೋಡುತ್ತಾಳೆ. ಆ ನೋಟಕ್ಕೇ ನನಗೆ ಹೆದರಿಕೆ.

ಕುಂಬಾರಕೊಪ್ಪಲಿನಲ್ಲಿ ನಮ್ಮ ಬೀದಿಯ ತುದಿಗೆ ಮೇಡಂ ಮನೆ. ಮುಂದಿನ ಕೋಣೆಯೇ ಟೈಪಿಂಗ್ ಇನ್‌ಸ್ಟಿಟ್ಯೂಟು. ಎಂಟು ಮಷೀನು, ಐದು ಇಂಗ್ಲಿಷು, ಮೂರು ಕನ್ನಡ. ಅವರ ಯಜಮಾನರು ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸದಲ್ಲಿದ್ದರು. ರಾತ್ರಿ ಪಾಳಿ ಮುಗಿಸಿ ಬಂದವರು ಒಳಕೋಣೆಯಲ್ಲಿ ಮಲಗುತ್ತಿದ್ದರು, ಹೊರಗೆ ಎಂಟು ಮಷೀನು ಒಟ್ಟಿಗೆ ಬಡಿಯುತ್ತಿದ್ದವು. ಅಷ್ಟು ಸದ್ದಿನಲ್ಲಿ ಹೇಗೆ ನಿದ್ದೆ ಬರುತ್ತದೆ ಎಂದು ಒಮ್ಮೆ ಕೇಳಿದ್ದಕ್ಕೆ ಮೇಡಂ ನಕ್ಕಿದ್ದರು. "ಅವ್ರಿಗೆ ಸದ್ದಿದ್ರೇನೇ ನಿದ್ದೆ ಕಣೋ. ನೀವೆಲ್ಲ ಒಂದೇ ಸಲ ನಿಲ್ಲಿಸ್ಬುಟ್ರೆ ಧಡಕ್ಕಂತ ಎದ್ಬುಡ್ತಾರೆ."

ಪಿಯುಸಿಯಲ್ಲಿ ಎರಡು ಸಲ ಡುಮ್ಕಿ ಹೊಡೆದಿದ್ದ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದದ್ದು ನಮ್ಮಪ್ಪ. ಊರ ಕಡೆ ಹೊಲ ಗೇಯುತ್ತಿದ್ದ ಕೈ ಅವರದು, ಆಮೇಲೆ ಹೆಬ್ಬಾಳದ ಕಾರ್ಖಾನೆಯಲ್ಲಿ ಲೋಡು ಎತ್ತಿದ ಕೈ. "ಇವ್ನ ಕೈಗೂ ಒಂದು ಕಸ್ಬು ಅಂತ ಅಂಟಿಸ್ಬುಡಿ ಮೇಡಂ," ಅಂದರು. ಮೇಡಂ ನನ್ನ ಮುಖ ನೋಡಲಿಲ್ಲ. ಎರಡೂ ಕೈ ಚಾಚಲು ಹೇಳಿ ಬೆರಳುಗಳನ್ನು ಒಂದೊಂದಾಗಿ ಮಡಿಸಿ, ಬಿಡಿಸಿ ನೋಡಿದರು. ಬಳೆಗಾರರು ನೋಡುವ ಹಾಗೆ.

ಅವರು ಕಲಿಸುವ ಕ್ರಮವೇ ಬೇರೆ. ಬೇರೆ ಕಡೆಗಳಲ್ಲಿ ಎಲ್ಲರಿಗೂ ಒಂದೇ ಅಚ್ಚಾದ ಪುಸ್ತಕ, ಒಂದೇ ಪಾಠ. ಮೇಡಂ ಅದನ್ನು ಮೊದಲ ತಿಂಗಳು ಮಾತ್ರ ಕೊಡುತ್ತಿದ್ದರು. ಆ ತಿಂಗಳೆಲ್ಲ ನಮ್ಮ ಬೆನ್ನ ಹಿಂದೆ ನಿಂತು ಬೆರಳು ನೋಡುತ್ತಿದ್ದರು. ಹಾಳೆಯಲ್ಲಿ ಏನು ಮೂಡಿದೆ ಎಂದು ನೋಡುತ್ತಲೇ ಇರಲಿಲ್ಲ. ಯಾವ ಬೆರಳು ಮುಂದೆ ಓಡುತ್ತದೆ, ಯಾವುದು ಹಿಂದೆ ಉಳಿಯುತ್ತದೆ, ಯಾವುದು ಪಕ್ಕದ ಬೆರಳಿನ ಕೆಲಸ ಕದಿಯುತ್ತದೆ... ಎಲ್ಲ ತಿಳಿದ ಮೇಲೆ ಒಬ್ಬೊಬ್ಬರಿಗೂ ಅವರ ಸೋಮಾರಿ ಬೆರಳಿಗೆಂದೇ ಒಂದು ಪಾಠ ತಾವೇ ಬರೆದು ಕೊಡುತ್ತಿದ್ದರು. ಬರೀ ಅಕ್ಷರದ ಕಸರತ್ತಲ್ಲ, ಅರ್ಥವಿರುವ ನಾಲ್ಕಾರು ಸಾಲು. ನಮ್ಮ ಬೀದಿಯಲ್ಲಿ ನಡೆದದ್ದೇ ಏನಾದರೊಂದು. ಹಾಲಿನ ಬೂತಿನ ಸಾಲಿನಲ್ಲಿ ಜಗಳವಾಡಿದ ಬೀಗಿತ್ತಿಯರು, ಶಿಫ್ಟ್ ಬಸ್ಸಿನಲ್ಲಿ ನಿದ್ದೆ ಹೋಗಿ ಮತ್ತೆ ಕಾರ್ಖಾನೆಗೇ ವಾಪಸಾದವನು, ಮಡಕೆ ಕೊಳ್ಳುವಾಗ ಬಡಿದು ಸದ್ದು ಕೇಳುವ ಅಜ್ಜಿ. ಹಾಳೆಯ ಕೆಳಗೆ ಬಲಮೂಲೆಯಲ್ಲಿ ಬೆರಳಿನ ಹೆಸರು ಟೈಪಾಗಿರುತ್ತಿತ್ತು, ಔಷಧಿ ಸೀಸೆಯ ಮೇಲೆ ರೋಗಿಯ ಹೆಸರಿರುವ ಹಾಗೆ.

ನನ್ನದು ಎಡಗೈ ಕಿರುಬೆರಳು. ಟೈಪ್‌ರೈಟರಿನಲ್ಲಿ ಶಿಫ್ಟ್ ಕೀಲಿಯನ್ನು ಕಿರುಬೆರಳಿನಿಂದ ಪೂರ್ತಿ ಒತ್ತಬೇಕು. ಅರ್ಧ ಒತ್ತಿದರೆ ಅಕ್ಷರ ಸಾಲು ಬಿಟ್ಟು ಮೇಲೆ ಹಾರುತ್ತದೆ. ನನ್ನ ಹಾಳೆಗಳಲ್ಲಿ ಅಕ್ಷರಗಳು ಕುಣಿಯುತ್ತಿದ್ದವು. "ನಿನ್ ಕಿರುಬೆರಳು ಮೈಗಳ್ಳ ಕಣೋ. ಅದಕ್ಕೆ ಬೇರೇನೇ ಊಟ ಹಾಕ್ಬೇಕು," ಅಂದ ಮೇಡಂ ಮರುದಿನ ನನ್ನ ಪಾಠ ತಂದುಕೊಟ್ಟರು. ಶಿಫ್ಟ್ ಒತ್ತಲೇಬೇಕಾದ ಅಕ್ಷರಗಳೇ ಅದರ ತುಂಬ. ಯಾವನೋ ಛತ್ರಿ ಇಲ್ಲದವನ ಕತೆ. ದಿನಕ್ಕೆ ಹತ್ತು ಸಲದಂತೆ ಎರಡು ತಿಂಗಳು ಹೊಡೆದೆ. ಬೆರಳಿಗೆ ಬಾಯಿಪಾಠವಾಯಿತು, ನನಗೆ ಅದರ ಅರ್ಥ ತಲೆಗೇ ಹೋಗಲಿಲ್ಲ. ಪರೀಕ್ಷೆ ಪಾಸಾದೆ. ಪೇಟೆಯ ಕಂಪ್ಯೂಟರ್ ಅಂಗಡಿಯೊಂದಕ್ಕೆ ಮೇಡಮ್ಮೇ ಒಂದು ಪತ್ರ ಬರೆದುಕೊಟ್ಟರು, ಅದರಿಂದ ಕೆಲಸವೂ ಸಿಕ್ಕಿತು. ಇವತ್ತು ನಾನು ತಿನ್ನುತ್ತಿರುವ ಅನ್ನ ಆ ಪತ್ರದ್ದು. ಮುಂದೆ ಓದುವಾಗ ಇದು ನೆನಪಿರಲಿ.

ಎರಡು ವರ್ಷ ಕಳೆದ ಮೇಲೆ ಒಂದು ಅಚ್ಚುಕೂಟದವರು ತಮ್ಮ ಹಳೆಯ ಕಂಪ್ಯೂಟರನ್ನು ಮಾರುತ್ತಿದ್ದಾರೆ ಎಂದು ಗೊತ್ತಾಗಿ, ಮೇಡಂ ಮೂರು ಇಂಗ್ಲಿಷ್ ಮಷೀನು ಕೊಟ್ಟು ಅದನ್ನು ಕೊಂಡರು. ಆಟೋದಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದವನು ನಾನೇ. ಬಿಳಿಯ ಅಡ್ಡ ಪೆಟ್ಟಿಗೆ, ಮೇಲೆ ಮಾನಿಟರು. ಮುಂಭಾಗದಲ್ಲಿ ವೇಗ ತೋರಿಸುವ ಹಸಿರು ದೀಪದ ಎರಡು ಅಂಕಿ, ದಪ್ಪನೆಯ ಸ್ವಿಚ್ಚು, ಪಕ್ಕದಲ್ಲಿ ಒಂದು ಪುಟ್ಟ ಬೀಗ. ಆ ಬೀಗ ತಿರುಗಿಸಿದರೆ ಕೀಬೋರ್ಡಿನ ಯಾವ ಕೀಲಿ ಒತ್ತಿದರೂ ಪೆಟ್ಟಿಗೆ ಜಪ್ಪಯ್ಯ ಅನ್ನುತ್ತಿರಲಿಲ್ಲ. ಒಳಗೆ ಒಂದೂವರೆ ಗೇಣುದ್ದದ ಹಸಿರು ಕಾರ್ಡು.

ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು. ಆಗ ಕಂಪ್ಯೂಟರಿಗೆ ಕನ್ನಡ ತಾನಾಗಿ ಬರುತ್ತಿರಲಿಲ್ಲ. ಆ ಉದ್ದನೆಯ ಕಾರ್ಡನ್ನು ಒಳಗಿನ ಕಪ್ಪು ಸೀಳಿನಲ್ಲಿ ಸಿಕ್ಕಿಸಿದರೆ ಕನ್ನಡ, ತೆಗೆದರೆ ಬರೀ ಇಂಗ್ಲಿಷು. ಮೇಡಂಗೆ ಅದು ಬಹಳ ಹಿಡಿಸಿತ್ತು. ಟೈಪ್‌ರೈಟರಿನಲ್ಲಿ ಯಾವ ಬೆರಳಿಗೆ ಯಾವ ಅಕ್ಷರವಿತ್ತೋ ಆ ಕಾರ್ಡಿನಲ್ಲೂ ಅದೇ ಬೆರಳಿಗೆ ಅದೇ ಅಕ್ಷರ. ಬಂದವರಿಗೆಲ್ಲ ಮುಚ್ಚಳ ತೆಗೆಸಿ ತೋರಿಸುತ್ತಿದ್ದರು. "ನೋಡಿ, ಇದು ನನ್ ಕನ್ನಡದ ಕಾರ್ಡು." ಆಯುಧಪೂಜೆಯ ದಿನ ಮಷೀನುಗಳ ಜೊತೆಗೆ ಪೆಟ್ಟಿಗೆಗೂ ಮೂರು ಎಳೆ ವಿಭೂತಿ ಬಳಿದು, ನಡುವೆ ಕುಂಕುಮವಿಟ್ಟರು. ವರ್ಷವಿಡೀ ಅದನ್ನು ಒರೆಸುತ್ತಿರಲಿಲ್ಲ. ಹಾಲು ತರಲು ಹೋದರೂ ಪೆಟ್ಟಿಗೆಗೆ ಬೀಗ ತಿರುಗಿಸಿಯೇ ಹೋಗುತ್ತಿದ್ದರು. ಕೀಲಿಕೈ ಎರಡಿದ್ದವು. ಒಂದು ಅವರ ಸೊಂಟದ ಗೊಂಚಲಿಗೆ ಸೇರಿತು. ಇನ್ನೊಂದಕ್ಕೆ ಅರಿಶಿನದ ದಾರ ಕಟ್ಟಿ ನನ್ನ ಕೈಗೆ ಕೊಟ್ಟರು. "ಇದು ನಿನ್ ತಾವ ಇರ್ಲಿ. ನಾನು ಎಲ್ಲಾದ್ರೂ ಕಳ್ದುಬುಟ್ರೆ ಪೆಟ್ಟಿಗೆ ಒಡೆಯೋ ಹಂಗಾಗ್ಬಾರ್ದು."

ಅಲ್ಲಿಂದ ಮೇಡಂ ತಮ್ಮ ಪಾಠಗಳನ್ನೆಲ್ಲ ಆ ಪೆಟ್ಟಿಗೆಗೆ ಏರಿಸತೊಡಗಿದರು. ಹಳೆಯವು ಒಂದೊಂದಾಗಿ, ಹೊಸವು ಬರೆದ ಹಾಗೆಲ್ಲ. ಏರಿಸಿದ ಮೇಲೆ ಹಳೆಯ ನೋಟುಬುಕ್ಕಿನ ಹಾಳೆಗಳನ್ನು ಹರಿದು ಮಕ್ಕಳ ಅಭ್ಯಾಸಕ್ಕೆ ಕೊಟ್ಟುಬಿಡುತ್ತಿದ್ದರು, ಹಿಂಬದಿ ಖಾಲಿ ಇದೆಯಲ್ಲ ಎಂದು. ಪ್ರಿಂಟು ತೆಗೆಯುತ್ತಿದ್ದದ್ದು ಯಾರ ಪಾಠವೋ ಅವರಿಗೆ ಒಂದು ಪ್ರತಿ, ಅಷ್ಟೇ. ಮೊದಮೊದಲು ಫ್ಲಾಪಿಗಳಲ್ಲಿ ಇನ್ನೊಂದು ಪ್ರತಿ ಇಡುತ್ತಿದ್ದರು. ಮಳೆಗಾಲದಲ್ಲಿ ಅವಕ್ಕೆ ಬೂಷ್ಟು ಹಿಡಿಯಿತು. "ಫ್ಲಾಪಿ ನಂಬ್ಕೋಬೇಡಿ ಮೇಡಂ, ಒಳಗಿನ ಡಿಸ್ಕೇ ಗಟ್ಟಿ," ಎಂದು ದೊಡ್ಡ ಮನುಷ್ಯನ ಹಾಗೆ ಹೇಳಿದವನೂ ನಾನೇ. ಎಲ್ಲ ಬೆರಳಿನ ಪಾಠ ಮುಗಿದ ಮೇಲೆ ಒಟ್ಟಿಗೆ ಪುಸ್ತಕ ಮಾಡಿಸಬೇಕೆಂದು ಅವರ ಆಸೆ. 'ಬೆರಳಿಗೊಂದು ಪಾಠ' ಎಂದು ಹೆಸರೂ ಇಟ್ಟಾಗಿತ್ತು. ಹೆಬ್ಬೆರಳಿಗೆ ಮಾತ್ರ ಪಾಠವಿಲ್ಲ ಅನ್ನುತ್ತಿದ್ದರು. "ಅದಕ್ಕೇನು ಕೆಲ್ಸ, ಖಾಲಿ ಜಾಗ ಹೊಡೆಯೋದು ತಾನೇ." ಎಂಟು ವರ್ಷದಲ್ಲಿ ನೂರಕ್ಕೂ ಮೀರಿ ಪಾಠಗಳಾಗಿದ್ದವು. ಒಂದೊಂದರ ಹಿಂದೆಯೂ ಒಬ್ಬ ಹುಡುಗನದೋ ಹುಡುಗಿಯದೋ ಕೈ ಇತ್ತು.

ಅಷ್ಟರಲ್ಲಿ ನಾನು ಅಂಗಡಿಯಲ್ಲಿ ಹಾರ್ಡ್‌ವೇರಿನವನು ಎಂದು ಹೆಸರು ಮಾಡಿದ್ದೆ. ಹಾಳೂರಿಗೆ ಉಳಿದವನೇ ಗೌಡ. ಬಿಚ್ಚಲು ಬಂದರೆ ಸಾಕು, ಜೋಡಿಸಲು ಬಂದರೆ ಇನ್ನೇನು ಬೇಕು ಎಂದು ತಿಳಿದಿದ್ದ ಕಾಲ. ಕಿವಿಯ ಸಂದಿಗೆ ಟೆಸ್ಟರು ಸಿಕ್ಕಿಸಿಕೊಂಡು ಓಡಾಡುತ್ತಿದ್ದೆ. ಅದನ್ನು ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಎರಡು ಸಾವಿರದ ಮೂರನೇ ಇಸವಿ. ಮೇಡಂ ನಾಲ್ಕು ದಿನದ ಮಟ್ಟಿಗೆ ನಂಜನಗೂಡಿನ ತಂಗಿಯ ಮನೆಗೆ ಹೊರಟಿದ್ದರು. ನನ್ನನ್ನು ಕರೆಸಿ ಪೆಟ್ಟಿಗೆ ಒಪ್ಪಿಸಿದರು. "ಫ್ಯಾನು ಗೊರ್ ಅಂತದೆ. ಅದೊಂದು ನೋಡ್ಬುಡು. ಒಳಗಿಂದು ಬೇರೇನೂ ಮುಟ್ಬೇಡ ಕಣಪ್ಪ." ಫ್ಯಾನಿಗೆ ಒಂದು ಹನಿ ಎಣ್ಣೆ ಬಿಡುವ ಕೆಲಸ. ಒಂದು ಕಾಫಿ ಕುಡಿಯುವಷ್ಟು ಹೊತ್ತು.

ಆದರೆ ಅಂಗಡಿಗೆ ಬರುತ್ತಿದ್ದ ಒಂದು ಪತ್ರಿಕೆಯಲ್ಲಿ ಆ ವಾರ ಒಂದು ಚಿತ್ರ ನೋಡಿದ್ದೆ. ಎಲ್ಲಿಯವನೋ ಒಬ್ಬ ಹಳೆಯ ಪೆಟ್ಟಿಗೆಯೊಳಗೆ ಹೊಸ ಕಂಪ್ಯೂಟರನ್ನೇ ಕೂರಿಸಿದ್ದ. ಹೊರಗೆ ಮುದುಕ, ಒಳಗೆ ಹದಿನೆಂಟು. ಅದು ನನ್ನ ತಲೆ ಹೊಕ್ಕಿತು. ಮೇಡಂ ವಾಪಸು ಬಂದು ಸ್ವಿಚ್ಚು ಒತ್ತುತ್ತಾರೆ, ಕಣ್ಣು ಮಿಟುಕಿಸುವುದರಲ್ಲಿ ಬಣ್ಣದ ತೆರೆ ಬೆಳಗುತ್ತದೆ, ಅವರು ಹುಬ್ಬೇರಿಸಿ ನನ್ನ ಕಡೆ ನೋಡುತ್ತಾರೆ... ಅಷ್ಟಕ್ಕಾಗಿ ಮಾಡಿದೆ. ಅವರಿಗೆ ಬೇಕಾಗಿದೆಯೋ ಇಲ್ಲವೋ ಎಂಬ ಮಾತೇ ಹೊಳೆಯಲಿಲ್ಲ. ಬೇಡ ಎಂದು ಅವರು ಬಾಯಿಬಿಟ್ಟು ಹೇಳಿದ್ದರು, ಅದನ್ನೂ ಮರೆತೆ. ಮರೆತೆ ಅನ್ನುವುದು ಸುಳ್ಳು, ನೆನಪಿತ್ತು.

ಮೂರು ದಿನ ಹಿಡಿಯಿತು. ಹೊಸ ಬೋರ್ಡಿನ ಕಿಂಡಿಗಳು ಹಳೆಯ ಪೆಟ್ಟಿಗೆಯ ಬೆನ್ನಿಗೆ ಹೊಂದಲಿಲ್ಲ, ಗರಗಸ ಹಾಕಿ ತಗಡು ಕೊಯ್ದೆ. ಹೊಸ ತೂತು ಕೊರೆದೆ, ಅರ ಹಾಕಿ ಅಂಚು ಉಜ್ಜಿದೆ. ಹಳೆಯ ಸ್ವಿಚ್ಚು ಒತ್ತಿದರೆ ಅಲ್ಲೇ ಕೂರುವಂಥದ್ದು, ಹೊಸದಕ್ಕೆ ಒತ್ತಿ ಬಿಡುವಂಥದ್ದು ಬೇಕು. ಅದರ ಒಳಗಿನ ಕೊಂಡಿ ತೆಗೆದು ಸರಿಮಾಡಿದೆ. ಹಸಿರು ದೀಪದ ಅಂಕಿ ಎಂದೂ ನಿಜ ಹೇಳುತ್ತಿರಲಿಲ್ಲ, ಹಿಂದಿನ ಪಿನ್ನು ಹೇಗೆ ಸಿಕ್ಕಿಸಿದರೆ ಹಾಗೆ ತೋರಿಸುತ್ತಿತ್ತು. ಶೋಕಿಗೆ ಎಂಬತ್ತೆಂಟು ಮಾಡಿದೆ. ಬೀಗದಿಂದ ಬಂದ ಎರಡು ತಂತಿಗೆ ಹೊಸ ಬೋರ್ಡಿನಲ್ಲಿ ಜಾಗವಿರಲಿಲ್ಲ. ಅವನ್ನು ಸುತ್ತಿ ಒಂದು ಮೂಲೆಗೆ ತುರುಕಿದೆ. ಕೊನೆಗೆ ತಿನ್ನರಿನಲ್ಲಿ ಬಟ್ಟೆ ಅದ್ದಿ ಪೆಟ್ಟಿಗೆಯ ಹಳದಿ ಕಲೆಯನ್ನೆಲ್ಲ ತಿಕ್ಕಿದೆ. ವಿಭೂತಿಯೂ ಹೋಯಿತು.

ಉದ್ದನೆಯ ಕಾರ್ಡಿಗೆ ಬೇಕಾದ ಕಪ್ಪು ಸೀಳು ಹೊಸ ಬೋರ್ಡಿನಲ್ಲಿ ಇರಲಿಲ್ಲ. ಅದನ್ನೂ ನೋಡಿದೆ. ಈಗ ಕನ್ನಡ ಸೀಡಿಯಲ್ಲೇ ಬರುತ್ತದಲ್ಲ, ಈ ಓಬೀರಾಯನ ಕಾಲದ ಕಾರ್ಡು ಯಾರಿಗೆ ಬೇಕು ಅಂದುಕೊಂಡೆ. ಹಳೆಯ ಡಿಸ್ಕಿನಲ್ಲಿದ್ದ ಪಾಠಗಳನ್ನು ಹೊಸ ಡಿಸ್ಕಿಗೆ ಇಳಿಸಿಕೊಂಡೆ, ಅಷ್ಟು ಬುದ್ಧಿ ಇತ್ತು. ಆಮೇಲೆ ಹಳೆಯ ಬೋರ್ಡು, ಡಿಸ್ಕು, ಕಾರ್ಡು ಎಲ್ಲವನ್ನೂ ಅಂಗಡಿಯ ಗುಜರಿ ಮೂಟೆಗೆ ಹಾಕಿದೆ. ಗುಜರಿಯವನು ಅದೇ ಸಂಜೆ ಬಂದು ಒಯ್ದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕುಂಬಾರಕೊಪ್ಪಲಿನಲ್ಲಿ ಬೆಳೆದವನಿಗೆ ಈ ಗಾದೆಯನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಮೇಡಂ ಬಂದರು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಬಟ್ಟೆ ಸರಿಸಿ, ಪಕ್ಕಕ್ಕೆ ನಿಂತೆ. ಅವರು ಮೊದಲು ಕೇಳಿದ್ದು, "ವಿಭೂತಿ ಎಲ್ಲೋ?" ಎಂದು. ಆಮೇಲೆ ಸ್ವಿಚ್ಚು ಒತ್ತಿದರು. ತೆರೆ ಬೆಳಗಿತು, ನೀಲಿ ಆಕಾಶ, ಹಸಿರು ಗುಡ್ಡ. "ಅಯ್ಯೋ ಶಿವನೇ, ಏನೇನು ಮಾಡಿದೀಯೋ," ಅಂದರು. ನನ್ನ ಸಂತೋಷಕ್ಕೆ ನಕ್ಕರು ಎಂದು ಈಗ ತಿಳಿಯುತ್ತದೆ. ಕೂತು ಬೆರಳಿಟ್ಟರು. ನಾನು ಸೀಡಿಯಿಂದ ಹಾಕಿದ್ದ ಕನ್ನಡದಲ್ಲಿ ಅಕ್ಷರಗಳ ಜಾಗವೇ ಬೇರೆ. ಅವರು ಒತ್ತಿದ್ದು ಒಂದು, ಮೂಡಿದ್ದು ಇನ್ನೊಂದು. ಬಿಸಿ ಪಾತ್ರೆ ತಾಗಿದಂತೆ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಮೆಲ್ಲಗೆ, "ನನ್ ಪಾಠ ತೆಗಿ," ಅಂದರು.

ತೆಗೆದೆ. ತೆರೆಯ ತುಂಬ ಸೊಟ್ಟಂಬಟ್ಟ ಗುರುತುಗಳು. ಗೆರೆ, ಚುಕ್ಕಿ, ಯಾವ ದೇಶದ್ದೋ ಅಕ್ಷರ. ಇನ್ನೊಂದು ತೆಗೆದೆ, ಅದೂ ಹಾಗೆಯೇ. ಮತ್ತೊಂದು. ಮೇಡಂ ಕನ್ನಡಕ ಸರಿಮಾಡಿಕೊಂಡು ಸಾಲುಸಾಲಾಗಿ ನೋಡಿದರು, ತಾವು ಕಲಿಯದ ಲಿಪಿ ಇರಬಹುದೇನೋ ಎಂಬಂತೆ. ಒಳಕೋಣೆಯಲ್ಲಿ ಯಜಮಾನರು ಮಗ್ಗುಲು ಬದಲಿಸಿದ ಸದ್ದು ಕೇಳಿಸಿತು.

"ಕಾರ್ಡೆಲ್ಲಿ?" ಎಂದು ಕೇಳಿದರು.

ಆಗ ನಿಜ ಹೇಳಬಹುದಿತ್ತು. ಬೈದು, ಕಣ್ಣೀರು ಹಾಕಿ, ಕೊನೆಗೆ ಹೋಗಿ ಹುಡುಕಿಕೊಂಡು ಬಾ ಅನ್ನುತ್ತಿದ್ದರು. ಅಷ್ಟೇ ಆಗುತ್ತಿತ್ತು. ನನ್ನ ಬಾಯಲ್ಲಿ ಬಂದದ್ದು ಬೇರೆ. "ಸುಟ್ಟೋಗಿತ್ತು ಮೇಡಂ. ನೀವು ಕೊಟ್ಟಾಗ್ಲೇ ಒಳಗೆಲ್ಲ ಸುಟ್ಟೋಗಿತ್ತು. ಅದಕ್ಕೇ ಎಲ್ಲಾ ಬದಲಾಯಿಸ್ಬೇಕಾಯ್ತು."

ಅವರು ಅನುಮಾನ ಪಡಲಿಲ್ಲ. ಅದೇ ನನ್ನನ್ನು ಇವತ್ತಿಗೂ ಸುಡುವುದು. ನನ್ನ ಸುಳ್ಳಿಗೆ ಬೇಕಾದ ಕಾರಣವನ್ನು ತಾವೇ ಹುಡುಕಿ ಕೊಟ್ಟರು. "ಅವತ್ತು ಸ್ವಿಚ್ಚು ಆರಿಸ್ದೆ ಹಾಲಿಗೆ ಹೋಗ್ಬುಟ್ಟಿದ್ದೆ. ಕರೆಂಟು ಹೋಗಿ ಹೋಗಿ ಬಂತು. ನನ್ನಿಂದ್ಲೇ ಆಗಿರ್ಬೇಕು ಅಲ್ವೇನೋ?"

"ಇರ್ಬೋದು ಮೇಡಂ," ಅಂದೆ.

ಮರುದಿನ ಬೆಳಿಗ್ಗೆಯೇ ಗುಜರಿ ಬೀದಿಗೆ ಓಡಿದೆ. ಬೋರ್ಡುಗಳನ್ನು ಮಾತ್ರ ಆರಿಸಿಕೊಂಡು ಹೋಗುವವರು ಬೇರೆ ಇದ್ದಾರೆ, ಲಾರಿ ಹೋಯಿತು, ಎಲ್ಲಿಗೋ ಗೊತ್ತಿಲ್ಲ ಅಂದರು. ಡಿಸ್ಕು ಕೇಳಿದೆ. ಸುತ್ತಿಗೆಯಲ್ಲಿ ಒಡೆದು ಗುಡ್ಡೆ ಹಾಕಿದ್ದನ್ನು ತೋರಿಸಿದರು.

ವಾಪಸು ಬಂದಾಗ ಮೇಡಂ ಒಂದು ಆಸೆಯ ಮಾತು ಹೇಳಿದರು. ಪೆಟ್ಟಿಗೆ ಮಾರಿದ್ದ ಅಚ್ಚುಕೂಟಕ್ಕೇ ಅದನ್ನು ಒಯ್ದು ತೋರಿಸಿದರೆ ಅಲ್ಲಿ ಯಾರಾದರೂ ತಿಳಿದವರು ಓದಿಕೊಟ್ಟಾರು ಎಂದು. ತಿಳಿದವನು ಮುಚ್ಚಳ ಎತ್ತಿದರೆ ಎಲ್ಲ ಗೊತ್ತಾಗುತ್ತದೆ. ಕಾರ್ಡು ಸುಟ್ಟದ್ದಲ್ಲ, ಹೊಸ ಬೋರ್ಡಿಗೆ ಕೂರದೆ ಕಿತ್ತದ್ದು. ಡಿಸ್ಕು ಸುಟ್ಟಿದ್ದರೆ ಪಾಠಗಳು ಹೊಸ ಡಿಸ್ಕಿಗೆ ಬಂದದ್ದು ಹೇಗೆ ಎಂದು ಮೊದಲು ಕೇಳುತ್ತಾನೆ. "ಅದರಲ್ಲಿ ವೈರಸ್ ಇರ್ಬೋದು ಮೇಡಂ, ಮೊದ್ಲು ಕ್ಲೀನ್ ಮಾಡ್ಬುಡ್ತೀನಿ," ಅಂದೆ. ಅವರು ಕಾಫಿ ತರಲು ಒಳಗೆ ಹೋದರು. ಎಲ್ಲ ಪಾಠಗಳನ್ನೂ ಒಟ್ಟಿಗೆ ಗುರುತು ಮಾಡಿ, ಎಡಗೈ ಕಿರುಬೆರಳಿನಲ್ಲಿ ಶಿಫ್ಟ್ ಅದುಮಿ ಹಿಡಿದು, ಬಲಗೈಯಲ್ಲಿ ಡಿಲೀಟ್ ಒತ್ತಿದೆ. ಶಿಫ್ಟ್ ಹಿಡಿದು ಅಳಿಸಿದ್ದು ಕಸದ ಬುಟ್ಟಿಗೂ ಬೀಳುವುದಿಲ್ಲ. ಅವತ್ತು ನನ್ನ ಮೈಗಳ್ಳ ಬೆರಳು ಶಿಫ್ಟನ್ನು ಪೂರ್ತಿ ಒತ್ತಿತ್ತು. ಅಷ್ಟು ಸಾಲದೆಂದು ಡಿಸ್ಕಿನ ಆ ಭಾಗವನ್ನೇ ಫಾರ್ಮ್ಯಾಟ್ ಮಾಡಿದೆ. ಕಾಫಿ ಬಂತು. ಕುಡಿದೆ. "ಯಾವ್ದೂ ಉಳೀಲಿಲ್ಲ ಮೇಡಂ," ಅಂದೆ.

ಮೇಡಂ ಎರಡು ತಿಂಗಳು ಹೊಸ ಕೀಲಿಮಣೆಯ ಜೊತೆ ಗುದ್ದಾಡಿದರು. ಇಪ್ಪತ್ತೈದು ವರ್ಷ ಒಂದೇ ದಾರಿಯಲ್ಲಿ ನಡೆದ ಬೆರಳುಗಳು ಬೇರೆ ದಾರಿ ಹಿಡಿಯಲಿಲ್ಲ. ಮಕ್ಕಳ ಎದುರಿಗೆ ತಪ್ಪು ಹೊಡೆಯಬೇಕಾಗಿ ಬಂದಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಕೊನೆಗೆ ಪೆಟ್ಟಿಗೆಗೆ ಕ್ರೋಶಾ ಹಾಕಿದ ಬಟ್ಟೆ ಹೊದಿಸಿ, ಉಳಿದಿದ್ದ ಟೈಪ್‌ರೈಟರುಗಳಲ್ಲೇ ಪಾಠ ಮುಂದುವರಿಸಿದರು, ಅಚ್ಚಾದ ಪುಸ್ತಕದಿಂದ. "ಹೊಸದಾಗಿ ಬರೀರಿ ಮೇಡಂ," ಎಂದು ಒಂದು ದಿನ ಹೇಳಿದೆ. ಮಾನಗೆಟ್ಟ ಮಾತು. ಅವರು ತಮ್ಮ ಕೈ ನೋಡಿಕೊಂಡರು. "ಮಾತು ನೆನಪಿಗೆ ಬಂದಾತು ಕಣಪ್ಪ. ಯಾರ್ ಕೈ ನೋಡಿ ಬರೆದಿದ್ನೋ ಆ ಕೈಗಳು ಈಗ ಎಲ್ಲಿ ಸಿಗ್ತವೆ?"

ಆ ವರ್ಷದ ಆಯುಧಪೂಜೆಗೆ ನನ್ನನ್ನು ಕರೆದರು. ಹೋಗದಿದ್ದರೆ ಅನುಮಾನ ಬರುತ್ತದೆ ಎಂದು ಹೋದೆ. ಚಾಪೆಯ ಮೇಲೆ ಕೂರಿಸಿ, ವೀಳ್ಯದೆಲೆ, ತೆಂಗಿನಕಾಯಿ ಕೊಟ್ಟು, ಹೊಸ ಮಕ್ಕಳಿಗೆ ನನ್ನನ್ನು ತೋರಿಸಿದರು. "ನಾನು ಸುಟ್ಟಾಕಿದ್ದ ಪೆಟ್ಟಿಗೆಗೆ ಜೀವ ಕೊಟ್ಟೋನು ಇವ್ನೇ." ಪೆಟ್ಟಿಗೆಗೆ ಮತ್ತೆ ಮೂರು ಎಳೆ ವಿಭೂತಿ ಬಳಿದಿದ್ದರು. ಎಲ್ಲರೂ ಹೊರಡುವಾಗ ಸೊಂಟದ ಗೊಂಚಲು ತೆಗೆದು ಪೆಟ್ಟಿಗೆಯ ಬೀಗ ತಿರುಗಿಸಿದರು, ಟಿಕ್ ಅಂದಿತು. ಅದು ಏನನ್ನೂ ಕಾಯುತ್ತಿಲ್ಲ, ಹಿಂದಿನ ತಂತಿ ಮೂಲೆಯಲ್ಲಿ ಬಿದ್ದಿದೆ ಎಂದು ಆ ಕೋಣೆಯಲ್ಲಿ ನನಗೊಬ್ಬನಿಗೆ ಗೊತ್ತಿತ್ತು. ಕಾಯಲು ಒಳಗೆ ಏನೂ ಉಳಿದಿರಲೂ ಇಲ್ಲ.

ಇನ್ನೂ ನಾಲ್ಕೈದು ವರ್ಷವಾದ ಮೇಲೆ ಅಂಗಡಿಗೆ ಒಬ್ಬರು ಬಂದಿದ್ದರು. ಅಚ್ಚುಕೂಟಗಳ ಹಳೆಯ ಕನ್ನಡ ಕಡತಗಳನ್ನು ಹೊಸದಕ್ಕೆ ಮಾರ್ಪಡಿಸಿಕೊಡುವ ಕೆಲಸ ಅವರದು. ಆ ಉದ್ದನೆಯ ಕಾರ್ಡಿನ ಕಾಲದ್ದೂ ಆಗುತ್ತದೆಯೇ ಎಂದು ಹೀಗೇ ಕೇಳುವವನಂತೆ ಕೇಳಿದೆ. "ಅದೇನು ಮಹಾ ಸಾರ್. ಕಾರ್ಡಿರೋದು ತೋರ್ಸೋಕೆ ಮಾತ್ರ. ಅಕ್ಷರ ಎಲ್ಲಾ ಫೈಲಲ್ಲೇ ಇರ್ತದೆ. ಒಂದು ಪುಟ್ಟ ಪ್ರೋಗ್ರಾಮು ಸಾಕು," ಅಂದರು.

ಅಂದರೆ ಅಂದು ತೆರೆಯ ಮೇಲೆ ಸೊಟ್ಟಂಬಟ್ಟ ಕಂಡದ್ದು ಕಸವಲ್ಲ. ಮೇಡಂ ಬರೆದ ಅಷ್ಟೂ ಪಾಠ, ಒಂದು ಒತ್ತೂ ಕಳೆದುಹೋಗದೆ, ಅಲ್ಲೇ ಇತ್ತು. ಕಾರ್ಡು ಕಿತ್ತದ್ದು ನನ್ನ ದಡ್ಡತನ, ಅದಕ್ಕೆ ಕ್ಷಮೆ ಇದ್ದೀತು. ಪಾಠಗಳು ಹೋದದ್ದು ದಡ್ಡತನದಿಂದಲ್ಲ. ನನ್ನ ಸುಳ್ಳು ಹೊರಗೆ ಬರಬಾರದೆಂದು ನಾನೇ ಅಳಿಸಿದ್ದರಿಂದ ಹೋದವು.

ಅಲ್ಲಿಂದ ಆ ಬೀದಿಯ ಕಡೆ ಹೋಗುವುದನ್ನೇ ಬಿಟ್ಟೆ. ಅಷ್ಟರಲ್ಲಿ ನಾವು ಮನೆ ಬದಲಾಯಿಸಿದ್ದೆವು, ಒಂದು ನೆಪವೂ ಸಿಕ್ಕಿತು. ಒಂದು ಸಂಜೆ ಬಸ್ ಸ್ಟಾಪಿನಲ್ಲಿ ನನ್ನ ಜೊತೆ ಟೈಪಿಂಗ್ ಕಲಿತವನೊಬ್ಬ ಸಿಕ್ಕಿ, "ಮೇಡಂ ಹೋಗ್ಬುಟ್ರಂತಲ್ಲೋ, ಗೊತ್ತಾಗ್ಲಿಲ್ವಾ?" ಅಂದ. ಆಗಲೇ ಎರಡು ತಿಂಗಳಾಗಿತ್ತು. ಯಜಮಾನರು ಮನೆ ಖಾಲಿ ಮಾಡಿ ನಂಜನಗೂಡಿನ ಕಡೆ ಹೋದರಂತೆ. ಮಷೀನುಗಳ ಸದ್ದಿಲ್ಲದೆ ಅವರಿಗೆ ಹೇಗೆ ನಿದ್ದೆ ಬರುತ್ತದೋ ಅಂದುಕೊಂಡೆ. ಪೆಟ್ಟಿಗೆ ಏನಾಯಿತು ಎಂದು ಕೇಳಲಿಲ್ಲ.

ಹುಡುಗಿಯ ಕೆಲಸಕ್ಕೆ ಎರಡು ದಿನದ ಬದಲು ನಾಲ್ಕು ದಿನ ತೆಗೆದುಕೊಂಡೆ. ಹಳೆಯ ಪೆಟ್ಟಿಗೆಯಿಂದ ತೆಗೆದ ಒಂದೊಂದು ಬೋರ್ಡನ್ನೂ ಕಾಗದದಲ್ಲಿ ಸುತ್ತಿ, ಇದು ಇಂಥದ್ದು ಎಂದು ಬರೆದು, ರಟ್ಟಿನ ಡಬ್ಬದಲ್ಲಿಟ್ಟೆ. ತಾತನ ಡಿಸ್ಕಿನಲ್ಲಿದ್ದದ್ದನ್ನೆಲ್ಲ ಎರಡು ಕಡೆ ಇಳಿಸಿದೆ. ಅದರಲ್ಲಿ ಏನಿದೆ ಎಂದು ನಾನು ನೋಡಲಿಲ್ಲ. ಆ ಪೆಟ್ಟಿಗೆಗೂ ಒಂದು ಬೀಗವಿತ್ತು. ಅದರ ಎರಡು ತಂತಿಯನ್ನು ಪವರ್ ಸ್ವಿಚ್ಚಿನ ತಂತಿಯ ಜೊತೆ ಜೋಡಿಸಿದೆ, ಬೀಗ ಹಾಕಿದರೆ ಸ್ವಿಚ್ಚು ಕೆಲಸ ಮಾಡುವುದಿಲ್ಲ. ಹತ್ತು ನಿಮಿಷದ ಕೆಲಸ. ಅಂದೂ ಹತ್ತು ನಿಮಿಷದ ಕೆಲಸವೇ ಆಗಿತ್ತು. "ಈ ಲಾಕ್ ನಿಜ್ವಾಗ್ಲೂ ವರ್ಕ್ ಆಗತ್ತಾ ಅಂಕಲ್?" ಎಂದು ಹುಡುಗಿ ಕೇಳಿದಳು. ಆಗುತ್ತಮ್ಮ ಅಂದೆ. ಇದರಿಂದ ಏನೂ ತೀರಲಿಲ್ಲ, ತೀರುವಂಥದ್ದೂ ಅಲ್ಲ.

ಅವತ್ತು ಮನೆಗೆ ಬಂದವನೇ ಸರ್ಟಿಫಿಕೇಟುಗಳ ಕಡತ ತೆಗೆದೆ. ಟೈಪಿಂಗ್ ಪರೀಕ್ಷೆಯ ಸರ್ಟಿಫಿಕೇಟಿನ ಹಿಂದೆ ನಾಲ್ಕಾಗಿ ಮಡಿಸಿದ ಹಾಳೆ ಇತ್ತು. ನನ್ನ ಪಾಠ. ಮಡಿಕೆಯಲ್ಲಿ ಹರಿದಿದೆ, ಮಸಿ ಮಾಸಿದೆ, ಬಲಮೂಲೆಯಲ್ಲಿ 'ಎಡಗೈ, ಕಿರುಬೆರಳು' ಎಂದಿರುವುದು ಮಾತ್ರ ಸ್ಪಷ್ಟ. ಎರಡು ತಿಂಗಳು ದಿನಕ್ಕೆ ಹತ್ತು ಸಲ ಹೊಡೆದಿದ್ದ ಆ ಸಾಲುಗಳನ್ನು ಅಂದು ಮೊದಲ ಸಲ ಓದಿದೆ.

"ಶ್ರಾವಣದ ಒಂದು ಮಧ್ಯಾಹ್ನ ಧೋ ಎಂದು ಮಳೆ. ಛತ್ರಿ ಇಲ್ಲದವನೊಬ್ಬ ನಮ್ಮ ಸೂರಿನಡಿ ಬಂದು ನಿಂತ. ಒಳಗೆ ಎಂಟು ಛತ್ರಿಗಳಿದ್ದವು. ಅವನು ಮಳೆ ನೋಡಿದ, ಬಾಗಿಲು ನೋಡಿದ, ಕೇಳಲು ನಾಚಿದ. ಕೊನೆಗೆ ನೆನೆದುಕೊಂಡೇ ಹೋದ. ಕೇಳಿದ್ದರೆ ಕೊಡುತ್ತಿದ್ದೆವು."

ಮೇಡಂ ಬಳಿ ಕ್ಷಮೆ ಕೇಳುವ ಕಾಲ ಮುಗಿಯಿತು. ಆದರೆ ನನ್ನ ಹಾಳೆ ಉಳಿದಿದೆ ಅಂದರೆ ಇನ್ನೂ ಕೆಲವರದು ಉಳಿದಿರಬೇಕು. ಇಷ್ಟು ವರ್ಷ ಯಾರನ್ನೂ ಕೇಳದೆ ಇದ್ದದ್ದಕ್ಕೆ ಕಾರಣ ಒಂದೇ. ಯಾಕೆ ಬೇಕು ಎಂದು ಅವರು ಕೇಳಿದರೆ ಇದೆಲ್ಲ ಹೇಳಬೇಕಾಗುತ್ತಿತ್ತು. ಈಗ ಹೇಳಿಯಾಯಿತು.

ಕುಂಬಾರಕೊಪ್ಪಲಿನ ಆ ಎಂಟು ಮಷೀನಿನ ಮನೆಯಲ್ಲಿ ಟೈಪಿಂಗ್ ಕಲಿತವರು ಯಾರಾದರೂ ಇದನ್ನು ಓದುತ್ತಿದ್ದರೆ, ನಿಮ್ಮ ಹಳೆಯ ಕಡತಗಳನ್ನು ಒಮ್ಮೆ ಬಿಚ್ಚಿ ನೋಡಿ. ಐದಾರು ಸಾಲಿನ ಪಾಠ, ಕೆಳಗೆ ಬಲಮೂಲೆಯಲ್ಲಿ ಒಂದು ಬೆರಳಿನ ಹೆಸರು. ಇದ್ದರೆ ಕೊಡಿ. ನಾನು ಕೇಳುತ್ತಿದ್ದೇನೆ.